ಶ್ರಮದಾನದ ಊಟ

ಟೀ ಶರ್ಟು ಹಸಿರಿರಬೇಕೋ ತಿಳಿನೀಲಿ ಇರಬೇಕೋ ಎನ್ನುವ ಚರ್ಚೆ ಶುರುವಾಗಿ ಬಹಳ ಹೊತ್ತಾಗಿತ್ತು. ಹಸಿರು ಎಂದವರ ಕಡೆ ತಿರುಗಿ ವಿಪುಲ ಹೇರತ್ ಹೂಂ ಎಂದಿದ್ದ, ನೀಲಿ ಎಂದವರ ಕಡೆ ತಿರುಗಿಯೂ ಹೂಂ ಎಂದಿದ್ದ. ಇದು ಯಾರ ಗಮನಕ್ಕೂ ಬಂದಿರಲಿಲ್ಲ, ಏಕೆಂದರೆ ಆ ಕಚೇರಿಯಲ್ಲಿ ಅವನ ಹೂಂ ಅನ್ನು ಯಾರೂ ಅಭಿಪ್ರಾಯವೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ತಲೆಯ ಮೇಲಿನ ಫ್ಯಾನಿನ ಸದ್ದಿನಂತೆ ಅದು, ನಿಂತುಹೋದರೆ ಮಾತ್ರ ಕತ್ತೆತ್ತಿ ನೋಡಿಯಾರು. ಬಿಸ್ಕತ್ತಿನ ಡಬ್ಬ ಮಾಡುವ ಆ ಕಂಪನಿಯಲ್ಲಿ ಅವನು ಸಿಬ್ಬಂದಿ ವಿಭಾಗದ ಎರಡನೆಯವನು. ಮೊದಲನೆಯವನ ಕುರ್ಚಿ ಖಾಲಿಯಾಗಿ ಆರು ತಿಂಗಳಾಗಿದ್ದರೂ ಅವನು ಎರಡನೆಯವನಾಗಿಯೇ ಇದ್ದ. ಹೋದ ವರ್ಷ ಬಂದ ನಿರ್ದೇಶಕಿ ಶಿರೋಮಿ ಪೀರಿಸ್ ವರ್ಷಕ್ಕೊಂದು ದಿನ ಕಂಪನಿಯವರೆಲ್ಲ ಹೊರಗೆ ಹೋಗಿ ಮೈಮುರಿದು ಯಾರಿಗಾದರೂ ಉಪಕಾರ ಮಾಡಬೇಕೆಂದು ಹೊರಡಿಸಿದ ಯೋಜನೆ ಈ ಸಲ ಅವನ ತಲೆಯ ಮೇಲೆ ಬಿದ್ದಿತ್ತು. ಎಲ್ಲಿಗೆ ಹೋಗುವುದೆಂಬ ಮಾತು ಬಂದಾಗ ಎಲ್ಲರೂ ಸಮುದ್ರ ತೀರದ ಪ್ಲಾಸ್ಟಿಕ್ ಹೆಕ್ಕುವುದನ್ನೇ ಹೇಳಿದ್ದರು. ಆಗ, ವರ್ಷಗಳಲ್ಲಿ ಮೊದಲ ಸಲ, ಯಾರೂ ಕೇಳದೆಯೇ ಅವನ ಬಾಯಿಂದ ಒಂದು ವಾಕ್ಯ ಹೊರಬಿದ್ದಿತ್ತು: ನಮ್ಮೂರಿನ ಕೆರೆ ಇದೆ ಮೇಡಂ, ಜಪಾನ್ ಜಬರ ಹಬ್ಬಿ ನೀರೇ ಕಾಣುವುದಿಲ್ಲ. ಆ ಕಳೆಯ ನೇರಳೆ ಹೂವಿನ ಚಿತ್ರ ಫೋನಿನಲ್ಲಿ ತೋರಿಸಿದಾಗ ಶಿರೋಮಿ, "ಅಯ್ಯೋ ಎಷ್ಟ್ ಚೆನ್ನಾಗಿದೆ, ಇದನ್ನ ಕೀಳ್ಬೇಕಾ?" ಎಂದಿದ್ದಳು. ಎಲ್ಲರೂ ನಕ್ಕಿದ್ದರು, ಅವನೂ ನಕ್ಕಿದ್ದ, ಅವನ ಊರು ಗಲ್‌ವೆವವೇ ಎಂದು ತೀರ್ಮಾನವಾಗಿತ್ತು. ಬಾಯಿ ಬಿಟ್ಟದ್ದಕ್ಕೆ ಸಂಜೆಯ ಹೊತ್ತಿಗಾಗಲೇ ಪಶ್ಚಾತ್ತಾಪ ಪಟ್ಟಿದ್ದ.

"ನಮ್ಮ ಹಳ್ಳಿಯ ಮಹತ್ತಯಾ ಏನಂತಾರೆ?" ಶಿರೋಮಿ ಈಗ ಅವನ ಕಡೆ ತಿರುಗಿದಳು. ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವಳು, ಸಾಹೇಬರು ಎನ್ನುವಂಥ ಆ ಮಾತಿನಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ, ಅದೇ ಕಷ್ಟ. ಕೆಸರಿಗೆ ಹಸಿರೇ ವಾಸಿ ಎಂದು ಅವನು ಹೇಳಬೇಕೆನ್ನುವಷ್ಟರಲ್ಲಿ ನೀಲಿ ಎಂದು ತೀರ್ಮಾನವಾಗಿ ಚರ್ಚೆ ಊಟಕ್ಕೆ ಹೋಯಿತು. ಅವನು ಹೆದರಿದ್ದು ಇದಕ್ಕೇ. ಊಟದ ಮಾತು ಬರುತ್ತದೆಂದು ಎರಡು ದಿನದಿಂದ ಕಾಯುತ್ತಲೇ ಇದ್ದ. "ಹೋದ ವರ್ಷದ್ದು ನೆನಪಿದೆಯಲ್ಲ ಮೇಡಂ," ಎಂದಳು ಅವನ ಕೈಕೆಳಗಿನ ದಿನೂಷಿ, "ಬಣ್ಣ ಬಳಿಯೋಕೆ ಹೋಗಿದ್ದ ಶಾಲೆಯವ್ರು ಕೊಟ್ಟ ಸಾರು ತಿಂದು ಅಕೌಂಟ್ಸ್‌ನಲ್ಲಿ ಅರ್ಧ ಜನ ಎದ್ದೇ ಇಲ್ಲ." ಶಿರೋಮಿ ಪೆನ್ನನ್ನು ಮೇಜಿಗೆ ಕುಟ್ಟಿದಳು. "ಹಾಗಾದ್ರೆ ಹೊರಗಿನ ಊಟ ಬೇಡವೇ ಬೇಡ. ಪಕ್ಕದ ಪೇಟೇಲಿ ಒಳ್ಳೆ ಹೋಟ್ಲು ನೋಡಿ ಪೊಟ್ಟಣ ಕಟ್ಟಿಸಿಬಿಡಿ. ಊರಿನವರಿಗೂ ಸೇರಿಸಿ ಹೇಳಿ ವಿಪುಲ, ಪಾಪ, ಅವರೂ ಒಂದಿನ ಚೆನ್ನಾಗಿ ಉಣ್ಣಲಿ." ಎಲ್ಲರೂ ಅವನನ್ನು ನೋಡಿದರು. ಇಲ್ಲ ಎನ್ನಬೇಕಾದ ಜಾಗ ಅದೇ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ತೆರೆದ. ಹೂಂ ಎಂದ.

ಮೊನ್ನೆ ಭಾನುವಾರ ಗಲ್‌ವೆವದ ವಿಹಾರದ ಧರ್ಮಶಾಲೆಯಲ್ಲಿ ಎಂದ ಹೂಂ ಇನ್ನೂ ಆರಿರಲಿಲ್ಲ. ಕೆರೆ ನೋಡಿ ಬರಲೆಂದು ಹೋಗಿದ್ದವನನ್ನು ಊರಿನವರು ಚಾಪೆಯ ಮೇಲೆ ಕೂರಿಸಿ ಸಭೆಯನ್ನೇ ಸೇರಿಸಿಬಿಟ್ಟಿದ್ದರು. ಅವನ ಅಕ್ಕ ರನ್ಮೆಣಿಕೆ ಎದುರಿಗೇ ಕೂತಿದ್ದಳು, ಊರಿನ ಮರಣಾಧಾರ ಸಂಘದ ಪಾತ್ರೆ ಪಡಗ ಕುರ್ಚಿಗಳ ಬೀಗದ ಕೈ ಅವಳ ಸೊಂಟದಲ್ಲಿ. ಯಾರ ಮನೆಯಲ್ಲಿ ಸಾವಾದರೂ ಆ ಹಂಡೆಗಳು ಹೊರಡುವುದು, ಅನ್ನ ಬೇಯುವುದು ಅವಳ ಕಣ್ಣೆದುರೇ. "ಮಲ್ಲಿ, ಎಷ್ಟ್ ಬಾಯಿ?" ಎಂದು ಕೇಳಿದಳು. ಐವತ್ತು ಹತ್ತಿರವಾದರೂ ಆ ಊರಲ್ಲಿ ಅವನು ರನ್ಮೆಣಿಕೆಯ ಮಲ್ಲಿ, ಅವಳ ತಮ್ಮ, ಅಷ್ಟೇ. ಅರವತ್ತು ಎಪ್ಪತ್ತು ಜನ ಬಂದಾರು ಎಂದ. ಅವಳು ಮನಸ್ಸಿನಲ್ಲೇ ಅಕ್ಕಿ ಅಳೆದಂತೆ ಕಣ್ಣು ಕಿರಿದು ಮಾಡಿದಳು. ಎಳೆ ಹಲಸಿನ ಪಲ್ಯ ಆಗಲೇಬೇಕು, ಬೇಳೆ, ಒಂದೆಲಗ ಹಚ್ಚಿ ಕಲಸಿದ ಸಂಬಲ್, ಒಣಮೀನು ಕರಿದದ್ದು, ಹಪ್ಪಳ. ಮನೆಗೊಂದು ಸೇರು ಅಕ್ಕಿ, ಮನೆಗೊಂದು ತೆಂಗಿನಕಾಯಿ ಎಂದು ಯಾರೋ ಆಗಲೇ ಹೇಳತೊಡಗಿದ್ದರು. ವಿಹಾರದ ಭಿಕ್ಷು ಬೀಸಣಿಗೆ ಆಡಿಸುತ್ತ, "ಕೊಲಂಬೊದವರು ಪಾಪ, ಖಾರ ಸ್ವಲ್ಪ ಕಮ್ಮಿ ಮಾಡಿ," ಎಂದರೆ ಹಿಂದಿನಿಂದ ಮುದುಕಿಯೊಬ್ಬಳು ಅವರಿಗೆ ಕೈ ಮುಗಿದು, "ಖಾರ ಕಮ್ಮಿ ಮಾಡಿದ್ರೆ ಅವ್ರು ಕೆಲ್ಸಾನೂ ಕಮ್ಮಿ ಮಾಡ್ತಾರೆ ಹಾಮುದುರುವನೆ," ಎಂದಳು. ಧರ್ಮಶಾಲೆಯೆಲ್ಲ ನಕ್ಕಿತು. ಅಲ್ಲಿ ಕಂಪನಿಯ ಊಟದ ನಿಯಮವನ್ನು ಹೇಗೆ ತೆಗೆದು ಇಡುವುದು? ಅವರ ಊರಿಗೆ ಬಂದು ಅವರ ಕೆರೆಯಲ್ಲಿ ಇಳಿದು ಬೆವರು ಸುರಿಸುವವರಿಗೆ ಅನ್ನ ಹಾಕುವುದು ಊರಿನ ಹಕ್ಕು, ಅದನ್ನು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅಕ್ಕ ಅವನ ಮುಖ ನೋಡಿ, "ಸಾಕಾಗತ್ತಲ್ಲ?" ಎಂದಳು. ಹೂಂ ಎಂದಿದ್ದ.

ಬಿಳಿ ಪ್ಯಾಂಟಿನ ಒಬ್ಬ ಮನುಷ್ಯ ಅವನಿಗೆ ಆಗಾಗ ನೆನಪಾಗುತ್ತಾನೆ, ಹೆಸರೂ ಗೊತ್ತಿಲ್ಲ, ಮುಖವೂ ಇಲ್ಲ, ಬರೀ ಪ್ಯಾಂಟು. ವಿಪುಲ ಚಿಕ್ಕವನಿದ್ದಾಗ ಕೆರೆಗೆ ದಾರಿ ಮಾಡಲು ಪೇಟೆಯಿಂದ ಶ್ರಮದಾನಕ್ಕೆ ಬಂದವರಲ್ಲಿ ಅವನೊಬ್ಬ. ಇಡೀ ದಿನ ಎಲ್ಲರಂತೆ ಮಣ್ಣು ಹೊತ್ತ, ಅದಕ್ಕೆ ಕೊರತೆ ಹೇಳುವಂತಿಲ್ಲ, ಆದರೆ ತಾವರೆ ಎಲೆಯಲ್ಲಿ ಬಡಿಸಿದ ಅನ್ನವನ್ನು ಮುಂದಿಟ್ಟುಕೊಂಡು ಹೊಟ್ಟೆ ಸರಿಯಿಲ್ಲ ಎಂದು ನಗುತ್ತ ಕೂತುಬಿಟ್ಟ. ಆಮೇಲೆ ಜೀಪಿನ ಹಿಂದೆ ನಿಂತು ಬಿಸ್ಕತ್ತು ತಿಂದ. ಅಮ್ಮ ಅದನ್ನು ನೋಡಿದಳು. ಆವತ್ತು ರಾಶಿ ಎಲೆಗಳನ್ನು ಎತ್ತುವಾಗ ಅಮ್ಮ ಆ ಒಂದು ಎಲೆಯನ್ನು ಮಾತ್ರ ಮಡಚದೆ ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. "ನಮ್ಮ ಅನ್ನ ಅವರಿಗೆ ಅನ್ನ ಅಲ್ಲ," ಎಂದು ಅಕ್ಕನಿಗೆ ಹೇಳಿದಳು. ಅಕ್ಕ ಆಗ ಉದ್ದ ಲಂಗದ ಹುಡುಗಿ, ಬಡಿಸಿದವಳು ಅವಳೇ. ಆ ಎಲೆಯನ್ನು ತೆಗೆದುಕೊಂಡು ಹೋಗಿ ಅದರಲ್ಲಿದ್ದುದನ್ನೆಲ್ಲ ತಾನೇ ಕೂತು ಉಂಡಳು. ಈಗ ವಿಪುಲನೇ ಬಿಸ್ಕತ್ತಿನ ಡಬ್ಬದ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಇದನ್ನು ಯಾರಿಗಾದರೂ ಹೇಳಿದರೆ ನಗುತ್ತಾರೆ, ಅವನಿಗೇ ಒಮ್ಮೊಮ್ಮೆ ನಗು ಬರುತ್ತದೆ, ಆದರೆ ಪೂರ್ತಿ ಬರುವುದಿಲ್ಲ.

ಟೀ ಶರ್ಟಿನ ಚರ್ಚೆಯ ಮರುದಿನ ಶಿರೋಮಿಯ ಕೋಣೆಗೆ ಹೋದ. ಹೇಳಬೇಕಾದ ಮಾತನ್ನು ಮೆಟ್ಟಿಲು ಹತ್ತುತ್ತ ಎರಡು ಸಲ ಹೇಳಿಕೊಂಡಿದ್ದ: ಮೇಡಂ, ಅಲ್ಲಿ ಊರಿನವರೇ ಅಡಿಗೆ ಮಾಡುತ್ತಾರೆ, ಬೇಡ ಎಂದರೆ ಅವರ ಮುಖಕ್ಕೆ ಹೊಡೆದಂತೆ. ಎಷ್ಟು ಸುಲಭದ ಮಾತು. ಶಿರೋಮಿ ಫೋನಿನಲ್ಲಿದ್ದಳು, ಕೂರಲು ಕೈಸನ್ನೆ ಮಾಡಿದಳು, ಫೋನಿನವರಿಗೆ, "ನಮ್ಮ ವಿಪುಲ ಎಲ್ಲಾ ನೋಡ್ಕೊಳ್ತಿದಾರೆ, ಅವರದೇ ಊರು," ಎಂದು ಹೇಳಿ ಅವನ ಕಡೆ ನಗೆ ಬೀರಿದಳು. ಫೋನು ಕೆಳಗಿಟ್ಟು, "ಇದೊಂದು ಎಡವಟ್ಟಿಲ್ಲದೆ ಮಾಡಿಕೊಡಿ. ಆಮೇಲೆ ಆ ಕುರ್ಚಿ ವಿಷಯ ಮಾತಾಡೋಣ. ನೀವಾಗಿ ಕೇಳೋರಲ್ಲ, ನನಗೆ ಗೊತ್ತು," ಎಂದಳು. ಅವನ ಮೈ ಬೆಚ್ಚಗಾಯಿತು. ಯಾರಾದರೂ ತನ್ನ ಬಗ್ಗೆ ಒಂದು ಮಾತು ಯೋಚಿಸಿದ್ದಾರೆ ಎಂದರೆ ಸಾಕು, ಮೇಣದಂತೆ ಕರಗಿಬಿಡುತ್ತಾನೆ, ಅದು ಅವನ ಹುಟ್ಟುಗುಣ. ಏನೋ ಹೇಳಬೇಕೆಂದು ಬಂದಿದ್ದೀರಲ್ಲ ಎಂದು ಅವಳು ಕೇಳಿದಾಗ ಬ್ಯಾನರ್ ಎಷ್ಟು ಉದ್ದ ಇರಬೇಕೆಂದು ಕೇಳಿದ. ಹೊರಗೆ ಬಂದು ಶೌಚಾಲಯದ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು, ಥೂ ಎಂದುಕೊಂಡ. ಅಲ್ಲಿಂದಲೇ ಗಲ್‌ವೆವದ ಪಕ್ಕದ ಪೇಟೆಯ ಗುಣೆ ಮುದಲಾಳಿಯ ಹೋಟೆಲಿಗೆ ಫೋನು ಮಾಡಿ ಪೊಟ್ಟಣಗಳಿಗೆ ಹೇಳಿದ, ಊರಿನವರಿಗೂ ಸೇರಿಸಿ.

ಸರಿ, ಆ ಕಡೆ ಆಗದಿದ್ದರೆ ಈ ಕಡೆ. ಅಕ್ಕನಿಗಾದರೂ ನಿಜ ಹೇಳುವುದೆಂದು ವಾರದ ಕೊನೆಗೆ ಬಾಲ್ಕನಿಯಲ್ಲಿ ನಿಂತು ಫೋನು ಹಚ್ಚಿದ. ಒಳಗೆ ಹೆಂಡತಿ ಮಗಳ ಕೂದಲಿಗೆ ಎಣ್ಣೆ ಹಚ್ಚುತ್ತಿದ್ದಳು. ಆ ಮಗಳು ದೊಡ್ಡವಳಾದಾಗ ಹಾಲ್ ಬಾಡಿಗೆಗೆ ಹಿಡಿದು ಮಾಡಿದ ಪಾರ್ಟಿಗೆ ಅಕ್ಕ ಬೆಲ್ಲದ ಕಜ್ಜಾಯದಂಥ ಕವುಮ್ ಕರಿದು ಒಂದು ದೊಡ್ಡ ಪಾತ್ರೆಯ ತುಂಬ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಎರಡು ಬಸ್ಸು ಬದಲಿಸಿ ತಂದಿದ್ದಳು. ಹೋಟೆಲಿನವರ ಊಟದ ಸಾಲಿನಲ್ಲಿ ಅದನ್ನು ಎಲ್ಲಿಡುವುದು? ಹೆಂಡತಿ ಮೇಜಿನ ಕೆಳಗಿಟ್ಟಳು, ಕೆಟ್ಟ ಮನಸ್ಸಿನಿಂದಲ್ಲ, ಜಾಗವಿಲ್ಲದ್ದಕ್ಕೆ. ಮಾರನೆಯ ಬೆಳಿಗ್ಗೆ ಅಡಿಗೆಮನೆಯಲ್ಲಿ ಆ ಪಾತ್ರೆ ಕಟ್ಟಿದ ಬಟ್ಟೆಯೊಂದಿಗೇ ಇತ್ತು. ಅಕ್ಕನನ್ನು ಬಸ್ಸಿಗೆ ಬಿಡಲು ಹೋಗುವಾಗ ಆಟೋದಲ್ಲಿ ಅವಳು ಹೊರಗೆ ನೋಡುತ್ತ, "ಕವುಮ್ ತಿಂದ್ಯಾ ಮಲ್ಲಿ?" ಎಂದು ಕೇಳಿದಳು. ಹೂಂ, ಚೆನ್ನಾಗಿತ್ತು ಎಂದ. ಗಂಟು ಅವಳೇ ಕಟ್ಟಿದ್ದು, ಬಿಚ್ಚಿಲ್ಲವೆಂದು ಅವಳು ಕಂಡಿದ್ದಳು. ತಾನು ಕಂಡದ್ದು ಅವನಿಗೆ ಗೊತ್ತೆಂದೂ ಅವಳಿಗೆ ಗೊತ್ತಿತ್ತು. ಇಬ್ಬರೂ ಬಸ್ ನಿಲ್ದಾಣದವರೆಗೆ ಬೆಲೆ ಏರಿದ್ದರ ಬಗ್ಗೆ ಮಾತಾಡಿದರು. ಫೋನಿನಲ್ಲಿ ಈಗ ಅವಳ ದನಿ ಸ್ವಲ್ಪ ಬಿಗಿಯಾಗಿ ಕೇಳಿಸಿತು, ಅಥವಾ ಅವನಿಗೆ ಹಾಗನ್ನಿಸಿತು. "ಏನಾದ್ರೂ ಹೇಳೋದಿದ್ಯಾ ಮಲ್ಲಿ?" ಎಂದಳು. ಏನಿಲ್ಲ, ಸುಮ್ಮನೆ ಮಾಡಿದೆ ಎಂದ. "ನಿನ್ನ ಕಡೆಯಿಂದ ಎಲ್ಲಾ ವ್ಯವಸ್ಥೆ ಆಗಿದೆ ತಾನೇ?" ಬಸ್ಸಿನ ವಿಷಯ ಕೇಳುತ್ತಿದ್ದಾಳೆಂದುಕೊಂಡು, ಆಗಿದೆ ಅಕ್ಕ, ಎಲ್ಲಾ ಆಗಿದೆ, ನೀನೇನೂ ತಲೆ ಕೆಡಿಸಿಕೊಳ್ಳಬೇಡ ಎಂದ. "ಹೂಂ," ಎಂದಳು ಅಕ್ಕ.

ಹೊರಡುವ ಹಿಂದಿನ ದಿನ ನೀಲಿ ಟೀ ಶರ್ಟುಗಳ ಗಂಟು ಬಂತು. ಎದೆಯ ಮೇಲೆ ಎರಡು ಕೈಗಳ ನಡುವೆ ಒಂದು ಎಲೆ, ಬೆನ್ನ ಮೇಲೆ 'ನಾವು ಕೊಡುತ್ತೇವೆ' ಎಂದು ದೊಡ್ಡ ಅಕ್ಷರ. ದಿನೂಷಿ ಒಂದನ್ನು ಅವನ ಮೈಗೆ ಹಿಡಿದು ಅಳತೆ ನೋಡಿ, "ನೀವು ಸ್ವಲ್ಪ ಉಸಿರು ಬಿಗಿ ಹಿಡ್ಕೊಂಡ್ರೆ ಆಗತ್ತೆ ಸರ್," ಎಂದಳು. ಕೊಡುತ್ತೇವೆ ಎಂದು ಬೆನ್ನ ಮೇಲೆ ಬರೆದುಕೊಂಡು ತಾನು ಅಕ್ಕನ ಎದುರು ಹೋಗಿ ನಿಲ್ಲುವುದನ್ನು, ಅವಳ ಹಂಡೆಗಳಲ್ಲಿ ಅನ್ನ ಹಬೆಯಾಡುತ್ತಿರುವಾಗಲೇ ವ್ಯಾನು ಬಂದು ಪೊಟ್ಟಣಗಳು ಇಳಿಯುವುದನ್ನು, ಮನೆಗೊಂದು ಸೇರು ಅಕ್ಕಿ ಕೊಟ್ಟವರ ಕೈಗೇ ಒಂದೊಂದು ಪೊಟ್ಟಣ ಕೊಡುವುದನ್ನು, ಕೊಡುವಾಗ ಫೋಟೋ ತೆಗೆಯುವುದನ್ನು ಅವನು ಕಂಡ. ಅಷ್ಟೂ ಮಡಚದ ಎಲೆಗಳು. ಅವನ ಕಾಲುಗಳು ಅವನನ್ನು ಮೆಟ್ಟಿಲ ಬಳಿಗೆ ಕರೆದುಕೊಂಡು ಹೋದವು. ಗುಣೆ ಮುದಲಾಳಿಗೆ ಫೋನು ಮಾಡಿ, ನಾಳೆ ಪೊಟ್ಟಣ ಬೇಡ ಎಂದ. ಮುದಲಾಳಿ ಬೈಯುತ್ತಾನೆಂದುಕೊಂಡಿದ್ದ. "ಒಳ್ಳೇದೇ ಆಯ್ತು ಬಿಡಿ ಮಹತ್ತಯಾ, ನಾಳೆ ಮದುವೆ ಒಂದಿದೆ, ಕೈ ಸಾಲ್ತಿರಲಿಲ್ಲ," ಎಂದು ಅವನು ಫೋನಿಟ್ಟ. ಶಿರೋಮಿಗೆ ಹೇಳುವ ಮಾತೂ ಸಿದ್ಧವಾಯಿತು: ಹೋಟೆಲಿಗೆ ಹೇಳುವುದು ಮರೆತುಬಿಟ್ಟೆ ಮೇಡಂ, ನನ್ನದೇ ತಪ್ಪು. ಎಡವಟ್ಟು ಎನ್ನುತ್ತಾಳೆ, ಕುರ್ಚಿ ಹೋಗುತ್ತದೆ, ಹೋಗಲಿ. ಊರಿನ ಅನ್ನ ಊರಿನ ಎಲೆಯಲ್ಲಿ ಎಲ್ಲರ ಮುಂದೆ ಬೀಳುತ್ತದೆ, ಅಕ್ಕನಿಗೆ ಇದೆಲ್ಲ ಏನೂ ತಿಳಿಯುವುದೇ ಇಲ್ಲ. ಮೆಟ್ಟಿಲ ಮೇಲೆ ಕೂತುಕೊಂಡ. ಖುಷಿಯಾಗಿತ್ತು ಅವನಿಗೆ, ಸುಳ್ಳೇಕೆ ಹೇಳಬೇಕು, ಇಷ್ಟು ಖುಷಿಯಾಗಿ ವರ್ಷಗಳಾಗಿದ್ದವು.

ಬಸ್ಸಿನಲ್ಲಿ ಎಲ್ಲರೂ ಡೋಲು ಬಡಿದು ಹಾಡಿದರು. ಲೆಕ್ಕ ವಿಭಾಗದ ಗಂಭೀರ ಮನುಷ್ಯರೂ ಎದ್ದು ಕುಣಿದರು. ಅವನೂ ಚಪ್ಪಾಳೆ ತಟ್ಟಿದ, ತಾಳಕ್ಕೆ ಸರಿಯಾಗಿಯೇ. ತೆಂಗಿನ ತೋಟ ಮುಗಿದು ಗದ್ದೆ ಶುರುವಾಗಿ, ಕೆರೆಯ ಏರಿಯ ಮೇಲಿನ ಹೊಳೆಮತ್ತಿ ಮರಗಳ ಬಿಳಿ ಕಾಂಡಗಳು ಕಂಡಾಗ ಮುಂದಿನ ಸೀಟಿನಿಂದ ಬಗ್ಗಿ ವಿಹಾರದ ಹಿಂದಿನ ಆಕಾಶ ನೋಡಿದ. ಅಡಿಗೆಯ ಒಲೆ ಉರಿಸುವುದು ಅಲ್ಲೇ, ಬೋಧಿವೃಕ್ಷದ ಆಚೆಯ ಚಪ್ಪರದಲ್ಲಿ. ಹಸಿ ಸೌದೆಯ ಹೊಗೆ ಮೈಲಿ ದೂರಕ್ಕೆ ಕಾಣುತ್ತದೆ. ಆಕಾಶ ತೊಳೆದಿಟ್ಟಂತೆ ಚೊಕ್ಕಟವಾಗಿತ್ತು. ಇನ್ನೂ ಹಚ್ಚಿಲ್ಲವೇನೋ ಎಂದುಕೊಂಡ. ಬಸ್ಸು ಇಳಿದಾಗ ಊರಿನವರು ಸಾಲಾಗಿ ನಿಂತು ವೀಳ್ಯದೆಲೆ ಕೊಟ್ಟು ಕೈ ಮುಗಿದರು. ಎಳನೀರು ಬಂತು, ಬೆಲ್ಲದ ತುಂಡಿನ ಜೊತೆ ಚಹಾ ಬಂತು. ಅಕ್ಕ ಒಳ್ಳೆಯ ಸೀರೆ ಉಟ್ಟು ನಿಂತಿದ್ದಳು, ಅಡಿಗೆಗೆ ಉಡುವ ಸೀರೆಯಲ್ಲ. ಬಗಲಲ್ಲಿ ಬೆವರಿರಲಿಲ್ಲ, ಕೈಯಲ್ಲಿ ಮಸಿ ಇರಲಿಲ್ಲ. ಧರ್ಮಶಾಲೆಯ ಮೂಲೆಯಲ್ಲಿ ಸಂಘದ ಹಂಡೆಗಳು ಒಂದರ ಮೇಲೊಂದು ಬೋರಲಾಗಿದ್ದವು. ಮನೆಮನೆಯಲ್ಲಿ ಬೇಯಿಸುತ್ತಿರಬಹುದು, ಅದೇ ಸರಿ, ಎಂದು ತನಗೇ ಹೇಳಿಕೊಂಡು ಪ್ಯಾಂಟು ಮಡಚಿ ಎಲ್ಲರ ಜೊತೆ ಕೆರೆಗೆ ಇಳಿದ.

ಕೆಸರು ಹಿತವಾಗಿತ್ತು. ಜಬರದ ಬೇರು ಹಿಡಿದು ಎಳೆದರೆ ಇಡೀ ಚಾಪೆಯೇ ಜೊತೆಗೆ ಬರುತ್ತಿತ್ತು, ಎಳೆದದ್ದನ್ನು ಕೈಯಿಂದ ಕೈಗೆ ದಾಟಿಸಿ ಏರಿಗೆ ಹಾಕಬೇಕು. ಕಂಪನಿಯವರ ನೀಲಿಯೆಲ್ಲ ಬೇಗನೆ ಕಂದುಬಣ್ಣಕ್ಕೆ ತಿರುಗಿತು, ಯಾರು ಯಾರೆಂದು ತಿಳಿಯದಂತಾಯಿತು. ಊರಿನ ಗಂಡಸೊಬ್ಬ ಶಿರೋಮಿಗೆ ಮರ್ಯಾದೆಯಿಂದಲೇ, "ನೋನಾ, ಹಾಗೆ ಕೂದಲು ಜಗ್ಗಿದಂಗೆ ಜಗ್ಗಬಾರ್ದು, ಬುಡಕ್ಕೆ ಕೈ ಹಾಕಿ," ಎಂದ. ಅವಳು ಹಾಗೇ ಹಾಕಿ, ಹಿಂದಕ್ಕೆ ಕುಕ್ಕರಿಸಿ ಬಿದ್ದು, ಎಲ್ಲರಿಗಿಂತ ಮೊದಲು ತಾನೇ ನಕ್ಕಳು. ನೀರು ಒಂದಿಷ್ಟು ಜಾಗದಲ್ಲಿ ಕಣ್ಣು ಬಿಟ್ಟಿತು. ಆ ನೀರಿನಲ್ಲಿ ಆಕಾಶ ಕಂಡಾಗ ವಿಪುಲನಿಗೆ ಮತ್ತೆ ಹೊಗೆಯ ನೆನಪಾಯಿತು. ಬಿಸಿಲು ನೆತ್ತಿಗೆ ಬಂದಿತ್ತು. ಯಾವ ಮನೆಯ ಕಡೆಯಿಂದಲೂ ಒಗ್ಗರಣೆಯ ವಾಸನೆ ಬರುತ್ತಿರಲಿಲ್ಲ. ಶಿರೋಮಿ ಅವನ ಬಳಿ ಬಂದು ಕೆಸರಿನ ಕೈಯಿಂದ ಹಣೆ ಒರೆಸಿಕೊಳ್ಳುತ್ತ, "ಊಟದ ಗಾಡಿ ಎಷ್ಟ್ ಹೊತ್ತಿಗೆ ಬರತ್ತೆ ವಿಪುಲ? ಹೊಟ್ಟೆ ತಾಳ ಹಾಕ್ತಿದೆ," ಎಂದಳು. ಈಗ ನೋಡಿ ಬರ್ತೀನಿ ಎಂದು ಹೇಳಿ ಏರಿ ಹತ್ತಿದ.

ಅಕ್ಕ ಮತ್ತಿಮರದ ಕೆಳಗೆ ಚಹಾದ ಲೋಟ ತೊಳೆಯುತ್ತಿದ್ದಳು. "ಅಕ್ಕ, ಅಡಿಗೆ?" ಎಂದ.

"ಯಾವ ಅಡಿಗೆ?"

"ಹಂಡೆ ಎಲ್ಲ ಬೋರಲು ಬಿದ್ದಿದೆ."

"ಪೊಟ್ಟಣ ಬರತ್ತಂತಲ್ಲ," ಎಂದಳು ಅವಳು ಲೋಟದಿಂದ ಕಣ್ಣೆತ್ತದೆ. "ನಮಗೂ ಸೇರಿಸಿ ಹೇಳಿದ್ದೀಯಂತೆ. ಗುಣೆ ಮುದಲಾಳಿ ಹೋಟ್ಲಲ್ಲಿ ಅನ್ನ ಕಟ್ಟೋ ಪಿಯಸೀಲಿ ನಮ್ಮ ಬೀದಿಯವಳೇ. ನಿಮ್ಮ ಮಲ್ಲಿ ಊರಿಗೆಲ್ಲ ಅನ್ನ ಹಾಕ್ತಾನೆ ಅಂತ ಬಾವಿ ಹತ್ರ ಅವಳೇ ಹೇಳಿದ್ಲು. ಈಗ ಮೂರು ದಿನದಿಂದ ತಾಯಿ ಮನೇಲಿದಾಳೆ, ಇಲ್ಲಾಂದ್ರೆ ಏನೇನು ಪಲ್ಯ ಅಂತಾನೂ ಕೇಳಿರ್ತಿದ್ದೆ."

"ನಾನು ನಿನ್ನೆ ಅದನ್ನ ಬೇಡ ಅಂದುಬಿಟ್ಟೆ."

ಲೋಟ ತೊಳೆಯುವ ಕೈ ನಿಂತಿತು. "ಯಾಕೆ?"

"ನೀವೆಲ್ಲ ಮಾಡ್ತಿದೀರಿ ಅಂತ."

ಅವಳು ಅವನನ್ನು ಆಗ ನೋಡಿದಳು, ಕೆಸರು ಮೆತ್ತಿದ ಕಾಲಿನಿಂದ ಉಸಿರು ಬಿಗಿ ಹಿಡಿದ ಟೀ ಶರ್ಟಿನವರೆಗೆ. "ಫೋನ್ ಮಾಡಿದ್ಯಲ್ಲ. ಏನಾದ್ರೂ ಹೇಳೋದಿದ್ಯಾ ಅಂತ ನಾನೇ ಕೇಳಿದೆ."

"ಹೌದು, ನೀನು ಕೇಳಿದೆ."

"ನೀನು ಏನಿಲ್ಲ ಅಂದೆ. ವ್ಯವಸ್ಥೆ ಎಲ್ಲಾ ಆಗಿದೆ, ತಲೆ ಕೆಡಿಸ್ಕೋಬೇಡ ಅಂದೆ."

"ನಿನಗೆ ಗೊತ್ತಿದ್ರೆ ನೀನಾದ್ರೂ ಬಾಯಿ ಬಿಟ್ಟು ಕೇಳಬಹುದಿತ್ತಲ್ಲ ಅಕ್ಕ."

"ಕೇಳಿದ್ರೆ ನಿನ್ನ ಮುಖ ಸಣ್ಣದಾಗ್ತಿತ್ತು," ಎಂದಳು. "ಊರಿನವರಿಗೆ ನಿಜ ಹೇಳಿದ್ರೂ ಹಾಗೇ ಆಗ್ತಿತ್ತು. ಅದಕ್ಕೆ ನನಗೇ ಮೈ ಸರಿಯಿಲ್ಲ, ಇಷ್ಟು ಜನದ ಅಡಿಗೆ ನನ್ನ ಕೈಲಾಗಲ್ಲ, ಮಲ್ಲಿಗೆ ಹೇಳಿ ಹೋಟ್ಲಿಂದ ತರಿಸ್ತೀನಿ ಅಂತ ಮನೆಮನೆಗೆ ಹೋಗಿ ಹೇಳಿ ಬಂದೆ. ಕೊಟ್ಟ ಅಕ್ಕಿ ವಾಪಸ್ ಕೊಟ್ಟೆ. ಇಷ್ಟು ವರ್ಷದಲ್ಲಿ ಕೊಟ್ಟ ಅಕ್ಕಿ ನಾನು ವಾಪಸ್ ಕೊಟ್ಟಿದ್ದಿಲ್ಲ." ಅವಳ ಮುಖ ಉಳಿಸಲು ಅವನು ಕಚೇರಿಯಲ್ಲಿ ದಡ್ಡನಾಗಲು ಹೊರಟಿದ್ದ, ಅವನ ಮುಖ ಉಳಿಸಲು ಅವಳು ಊರಲ್ಲಿ ಕೈಲಾಗದವಳಾಗಿ ಕೂತಿದ್ದಾಳೆ, ಕೆಳಗೆ ಕೆರೆಯಲ್ಲಿ ಅಷ್ಟು ಜನ ಹಸಿದು ನಿಂತಿದ್ದಾರೆ. ಮುದಲಾಳಿಗೆ ಫೋನು ಮಾಡಿ ನೋಡಿದ. ಮದುವೆಯ ಗದ್ದಲದಲ್ಲಿ ಯಾರೋ ಎತ್ತಿಕೊಂಡು, ಈಗ ಒಂದು ಅಗುಳೂ ಇಲ್ಲ ಎಂದರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದಳು. "ನಿನ್ನ ಕಡೆಯವರಿಗೆ ನೀನು ಹೇಳು. ನನ್ನ ಕಡೆಯವರಿಗೆ ನಾನು ಹೇಳ್ತೀನಿ," ಎಂದು ಹೇಳಿ ಊರಿನ ದಾರಿ ಹಿಡಿದಳು.

ಮರೆತುಬಿಟ್ಟೆ ಎನ್ನುವ ಮಾತು ಇನ್ನೂ ಅವನ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಶಿರೋಮಿಯ ಎದುರು ನಿಂತಾಗ ಅದು ಹೊರಡಲಿಲ್ಲ. "ಪೊಟ್ಟಣ ಬರಲ್ಲ ಮೇಡಂ. ನಾನೇ ಬೇಡ ಅಂದೆ," ಎಂದ. ಅವಳಿಗೆ ಮೊದಲು ಅರ್ಥವಾಗಲಿಲ್ಲ. "ಯಾರನ್ನ ಕೇಳಿ?" ಎಂದಳು. ಯಾರನ್ನೂ ಕೇಳಲಿಲ್ಲ ಎಂದ. ಊರಿಗೆ ಬಂದು ದುಡಿದವರಿಗೆ ಊರಿನವರೇ ಉಣ್ಣಿಸಬೇಕು, ಅದನ್ನು ಆವತ್ತು ಸಭೆಯಲ್ಲೇ ಹೇಳಬೇಕಾಗಿತ್ತು, ಹೇಳಲಿಲ್ಲ, ಊರಿನವರಿಗೂ ಪೊಟ್ಟಣದ ಮಾತು ಹೇಳಲಿಲ್ಲ, ಈಗ ಎರಡು ಊಟವೂ ಇಲ್ಲ ಎಂದ. ಇಷ್ಟು ಉದ್ದ ಮಾತು ಅವಳೆದುರು ಅವನು ಆಡಿದ್ದೇ ಇಲ್ಲ. ಸುತ್ತ ನಿಂತವರು ಕೆಸರನ್ನು ನೋಡುತ್ತ ಕೇಳಿಸಿಕೊಂಡರು. ಶಿರೋಮಿಯ ಮುಖ ಕೆಂಪಾಯಿತು, ಬಿಸಿಲಿಗೋ ಸಿಟ್ಟಿಗೋ. "ಸೋಮವಾರ ನನ್ನ ರೂಮಿಗೆ ಬನ್ನಿ," ಎಂದಳು. ಯಾರೋ ಹಿಂದೆ ಕಿಸಕ್ಕೆಂದರು. ಕುರ್ಚಿ ಹೋಯಿತು ಎಂದು ಅವನಿಗೆ ಗೊತ್ತಾಯಿತು, ಹೋದದ್ದು ನೋಯಲೂ ನೋಯಿತು, ಮೆಟ್ಟಿಲ ಮೇಲೆ ಕೂತಾಗ ಎಣಿಸಿದಷ್ಟು ಸುಲಭವಾಗಿರಲಿಲ್ಲ.

ಊಟ ಬರುವಾಗ ಬಿಸಿಲು ಇಳಿಯತೊಡಗಿತ್ತು. ಒಂದೇ ಕಡೆಯಿಂದ ಬರಲಿಲ್ಲ, ಗದ್ದೆಯ ಬದುಗಳ ಮೇಲೆ, ಬೇಲಿಗಳ ಸಂದಿಯಿಂದ, ತಲೆಯ ಮೇಲೆ, ಸೈಕಲ್ಲಿನ ಹಿಂದೆ. ಯಾರ ಮನೆಯಲ್ಲಿ ಮಧ್ಯಾಹ್ನಕ್ಕೆ ಏನಿತ್ತೋ ಅದು: ಬೇಯಿಸಿದ ಮರಗೆಣಸು, ತೆಂಗಿನಕಾಯಿ ಸಂಬಲ್, ರಾಗಿ ರೊಟ್ಟಿ, ನಿನ್ನೆಯ ಮೀನಿನ ಸಾರು ಬಿಸಿ ಮಾಡಿದ್ದು, ಅರ್ಧ ಪಾತ್ರೆ ಅನ್ನ, ಕಾಲು ಪಾತ್ರೆ ಅನ್ನ. ಅಕ್ಕನ ಮನೆಯ ಪಾತ್ರೆ ಎಲ್ಲಕ್ಕಿಂತ ಮೊದಲು ಬಂತು. ಕೆರೆಯ ಮೂಲೆಯಲ್ಲಿ ಉಳಿದಿದ್ದ ತಾವರೆ ಎಲೆ ಕಿತ್ತು ತಂದರು. ಏರಿಯ ಮೇಲೆ ಸಾಲಾಗಿ ಕೂತವರಿಗೆ ಯಾರಿಗೆ ಏನು ಬೀಳುತ್ತದೆಂದು ಗೊತ್ತಿರಲಿಲ್ಲ. ಅಕೌಂಟ್ಸ್‌ನವನಿಗೆ ರೊಟ್ಟಿ, ಅವನ ಪಕ್ಕದವನಿಗೆ ಗೆಣಸು, ಇಬ್ಬರೂ ಹರಿದು ಹಂಚಿಕೊಂಡರು. ದಿನೂಷಿ ಎರಡು ಸಲ ಹಾಕಿಸಿಕೊಂಡಳು. ಮೂವರು ನಾಲ್ವರು ಎಲೆಯಲ್ಲಿ ಬೆರಳಾಡಿಸಿ ಸುಮ್ಮನೆ ಬದಿಗಿಟ್ಟರು, ಅದನ್ನು ಅವನು ನೋಡಿದ, ಅಕ್ಕನೂ ನೋಡಿದಳು. ಶಿರೋಮಿ ಗೆಣಸನ್ನು ಸಂಬಲ್‌ಗೆ ಅದ್ದಿ ಬಾಯಿಗಿಟ್ಟಳು, ಕಣ್ಣಲ್ಲಿ ನೀರು ಬಂತು, ಕೆಮ್ಮಿದಳು. ಧರ್ಮಶಾಲೆಯ ಆ ಮುದುಕಿ ನೀರಿನ ಲೋಟ ಹಿಡಿದುಕೊಂಡು, "ಖಾರ ಕಮ್ಮಿ ಮಾಡೋಕೆ ಹೊತ್ತೇ ಸಿಗ್ಲಿಲ್ಲ ಮಗಳೇ," ಎಂದಳು. ಶಿರೋಮಿ ನೀರು ಕುಡಿದು, ಸ್ವಲ್ಪ ಹೊತ್ತು ಎಲೆಯನ್ನೇ ನೋಡಿ, ಮತ್ತೆ ಇನ್ನೊಂದು ತುಂಡು ಅದ್ದಿದಳು. ವಿಪುಲನ ಕಡೆ ನೋಡಲಿಲ್ಲ.

ಅವನು ನೀರು ಕೊಡುತ್ತ, ಎಲೆ ಎತ್ತುತ್ತ ತಿರುಗುತ್ತಿದ್ದ. ಭಿಕ್ಷು ಉಂಡೆಯಾ ಎಂದು ಕೇಳಿದಾಗ ಹೂಂ ಎಂದ. ಬಸ್ಸಿನ ಚಾಲಕ ಕೇಳಿದಾಗಲೂ ಹೂಂ ಎಂದ, ದಿನೂಷಿ ಒಂದು ರೊಟ್ಟಿ ಚೂರ ಹಿಡಿದುಕೊಂಡು ಬಂದಾಗ, ಆಯ್ತಮ್ಮ, ಆಗಲೇ ಆಯ್ತು ಎಂದ. ಊರಿನ ಹೆಂಗಸರು ಯಾರೂ ಎಲೆಯ ಮುಂದೆ ಕೂತಿರಲಿಲ್ಲವೆಂದು ಅವನಿಗೆ ತಡವಾಗಿ ಹೊಳೆಯಿತು. ಅವರ ಮಧ್ಯಾಹ್ನವೇ ಈ ಏರಿಯ ಮೇಲೆ ಖಾಲಿಯಾಗಿತ್ತು. ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು, ಊರಿನವರಿಗೆ ಕೈ ಮುಗಿದು ಕಂಪನಿಯವರು ಬಸ್ಸಿನ ಕಡೆ ಹೊರಟರು. ಸ್ವಚ್ಛವಾದ ನೀರಿನ ಅಂಚಿನಲ್ಲಿ ಅಕ್ಕ ತನ್ನ ಮನೆಯ ಪಾತ್ರೆ ಇಟ್ಟುಕೊಂಡು ಕೂತಿದ್ದಳು, ಇನ್ನೂ ತೊಳೆಯಲು ಶುರು ಮಾಡಿರಲಿಲ್ಲ. ಹೋಗಿ ಬರ್ತೀನಿ ಎಂದು ಹೇಳಲು ಅವನು ಬಗ್ಗಿದ.

"ಉಂಡ್ಯಾ ಮಲ್ಲಿ?" ಎಂದಳು.

ಹೂಂ ಎನ್ನುವುದು ಗಂಟಲವರೆಗೆ ಬಂತು.

"ಇಲ್ಲ ಅಕ್ಕ," ಎಂದ. "ಹಸಿವಾಗಿದೆ."

ಅವಳು ಒಮ್ಮೆ ಅವನ ಮುಖ ನೋಡಿದಳು. "ನನಗೂ," ಎಂದಳು. ಪಾತ್ರೆಯನ್ನು ಓರೆ ಮಾಡಿ ತಳ ಹಿಡಿದಿದ್ದ ಅನ್ನದ ಸೀಕನ್ನು ಉಗುರಿನಿಂದ ಎಬ್ಬಿಸಿ, ಮುರಿದು ಎರಡು ಮಾಡಿ, ದೊಡ್ಡದನ್ನು ತಾನಿಟ್ಟುಕೊಂಡಳು, ಚಿಕ್ಕವನಿದ್ದಾಗಲೂ ಹಾಗೇ ಮಾಡುತ್ತಿದ್ದಳು. ಅವನು ಕೆಸರಿನಲ್ಲೇ ಅವಳ ಪಕ್ಕ ಕೂತ. ಏರಿಯ ಆಚೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೇಳಿಸಿತು. ವಿಪುಲ ಏಳಲಿಲ್ಲ.